ಮೇಲೆ ನಿಂತರೂ ಮುರಿಯದ ಪಟ್ಟಿ ಒಂಬತ್ತೇ ದಿನಕ್ಕೆ ಏಕೆ ಮುರಿಯಿತು? ಕಲಬುರಗಿಯ ಒಂದು ದಾಲ್ ಮಿಲ್ಲಿನ ಪ್ರಕರಣ

ಹಿನ್ನೆಲೆ

ಕಲಬುರಗಿ ಎಂದರೆ ತೊಗರಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬಂತೆಂದರೆ ದಾಲ್ ಮಿಲ್ಲುಗಳಿಗೆ ಬಿಡುವೇ ಇರುವುದಿಲ್ಲ. ಜನವರಿಯಿಂದ ಬೇಸಿಗೆಯ ಕೊನೆಯವರೆಗೂ ಯಂತ್ರಗಳು ಓಡುತ್ತಲೇ ಇರುತ್ತವೆ.

ಈ ಪ್ರಕರಣ ನಡೆದದ್ದು ನಗರದ ಅಂಚಿನ ಒಂದು ಮಧ್ಯಮ ಗಾತ್ರದ ಮಿಲ್ಲಿನಲ್ಲಿ. ಮಿಲ್ಲು ಯಾವುದು, ವರ್ಕ್‌ಶಾಪ್ ಯಾರದು ಎಂದು ಹೇಳುವುದಿಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಅಳತೆ ಮತ್ತು ಲೆಕ್ಕ ಮಾತ್ರ ಇದ್ದ ಹಾಗೆಯೇ ಇವೆ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹಾಗಾಗಿ ಈ ವಿಷಯ ನನ್ನವರೆಗೂ ಬಂತು.

ಮಿಲ್ಲಿನಲ್ಲಿ ಕಾಳು ಸ್ವಚ್ಛ ಮಾಡುವ ದೊಡ್ಡ ಜರಡಿ ಯಂತ್ರ ಒಂದಿದೆ. ಜರಡಿಯ ಪೆಟ್ಟಿಗೆ ಎಂಟು ಫೈಬರ್ ಪಟ್ಟಿಗಳ ಮೇಲೆ ನಿಂತಿರುತ್ತದೆ. ಪಟ್ಟಿಯ ಕೆಳತುದಿ ಚೌಕಟ್ಟಿಗೆ ಬಿಗಿ, ಮೇಲ್ತುದಿ ಪೆಟ್ಟಿಗೆಗೆ ಬಿಗಿ. ಮೋಟರ್ ತಿರುಗಿದಂತೆ ಪೆಟ್ಟಿಗೆ ಹಿಂದೆ ಮುಂದೆ ಓಡುತ್ತದೆ, ಪಟ್ಟಿಗಳು ಅತ್ತ ಒಮ್ಮೆ ಇತ್ತ ಒಮ್ಮೆ ಬಾಗುತ್ತವೆ. ಬೇರಿಂಗ್ ಇಲ್ಲ, ಗ್ರೀಸ್ ಇಲ್ಲ. ಧೂಳು ತುಂಬಿದ ಜಾಗಕ್ಕೆ ಬಹಳ ಒಳ್ಳೆಯ ಏರ್ಪಾಡು ಇದು. ಆದರೆ ಪಟ್ಟಿಯ ಜೀವನವೆಂದರೆ ಬಾಗುವುದೇ. ಈ ಯಂತ್ರ ನಿಮಿಷಕ್ಕೆ 330 ಸುತ್ತು ಓಡುತ್ತದೆ. ದಿನಕ್ಕೆ 14 ಗಂಟೆ ಓಡಿಸಿದರೆ 2,77,200 ಬಾರಿ. ನಾಲ್ಕೇ ದಿನಕ್ಕೆ ಹತ್ತು ಲಕ್ಷ ದಾಟುತ್ತದೆ.

ಪಟ್ಟಿ ಮುರಿಯತೊಡಗಿತು

ಯಂತ್ರದ ಜೊತೆ ಬಂದಿದ್ದ ಪಟ್ಟಿಗಳು ಮೂರು ಹಂಗಾಮು ಬಾಳಿದವು. ನಾಲ್ಕನೆಯ ಹಂಗಾಮಿನಲ್ಲಿ, ಫೆಬ್ರವರಿ ಕೊನೆಗೆ, ಎರಡು ಪಟ್ಟಿ ಮುರಿದವು. ತಯಾರಕರಿಂದ ಹೊಸ ಸೆಟ್ ಬರಲು ಮೂರು ವಾರ ಬೇಕಿತ್ತು. ಹಂಗಾಮಿನಲ್ಲಿ ಮೂರು ವಾರ ಮಿಲ್ಲು ನಿಲ್ಲಿಸುವುದು ಯಾರಿಗೂ ಆಗದ ಮಾತು. ಸಾವುಕಾರರು ಹತ್ತಿರದ ಫೈಬರ್ ವರ್ಕ್‌ಶಾಪಿಗೆ ಹೋದರು. ನೀರಿನ ಟ್ಯಾಂಕು, ಬಾಗಿಲು, ಶೆಡ್ಡಿನ ಶೀಟು ಮಾಡುವ ಜಾಗ ಅದು. ಅಲ್ಲಿನ ಮಿಸ್ತ್ರಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಇರುವವರು, ಕೈ ಪಳಗಿದವರು. ಇದನ್ನು ಮೊದಲೇ ಹೇಳುತ್ತೇನೆ. ಮುಂದೆ ಆದದ್ದು ಅವರ ಕೆಲಸದ ಬಗ್ಗೆ ದೂರು ಎಂದು ಯಾರೂ ತಿಳಿಯಬಾರದು.

ಅವರು ಮ್ಯಾಟ್ (ಗಾಜಿನ ತುಂಡು ನಾರುಗಳ ಹಾಸು) ಮತ್ತು ನೇಯ್ದ ರೋವಿಂಗ್ (ಗಾಜಿನ ಉದ್ದ ನಾರಿನ ಎಳೆಗಳು) ಪದರಗಳನ್ನು ಪಾಲಿಯೆಸ್ಟರ್ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವದಲ್ಲಿ ಅದ್ದಿ, ಒಂದರ ಮೇಲೊಂದು ಇಟ್ಟು, 8 ಮಿಲಿಮೀಟರ್ ದಪ್ಪದ ಪಟ್ಟಿ ಮಾಡಿದರು. ಹಳೆಯದು 6 ಇತ್ತು. ಮ್ಯಾಟಿನಲ್ಲಿ ಅಷ್ಟೇ ದಪ್ಪ ಮಾಡಿದಾಗ ಕೈಗೆ ಮೆತ್ತಗೆ ಅನಿಸಿತಂತೆ, ಅದಕ್ಕೆ ಎರಡು ಜಾಸ್ತಿ. ಹಳೆಯದರ ಹಾಗೆಯೇ ಕಾಣಲಿ ಎಂದು ಕಪ್ಪು ಪಿಗ್ಮೆಂಟ್ ಹಾಕಿದರು. ಎರಡು ಇಟ್ಟಿಗೆ ಮೇಲೆ ಪಟ್ಟಿ ಇಟ್ಟು ತಾವೇ ಹತ್ತಿ ನಿಂತು ನೋಡಿದರು. ಏನೂ ಆಗಲಿಲ್ಲ.

ಒಂಬತ್ತನೆಯ ದಿನ ಮೊದಲ ಪಟ್ಟಿ ಮುರಿಯಿತು. ಮರುದಿನ ಇನ್ನೂ ಎರಡು.

ಆಗ ಎಲ್ಲರಿಗೂ ತೋಚಿದ್ದು ಒಂದೇ ಉಪಾಯ, ಇನ್ನೂ ದಪ್ಪ ಮಾಡುವುದು. 10 ಮಿಲಿಮೀಟರಿನ ಸೆಟ್ ಹಾಕಿದರು. ಅದು ಮೂರನೆಯ ದಿನವೇ ಹೋಯಿತು. ಆ ಸಂಜೆ ಮಿಸ್ತ್ರಿ ಮುರಿದ ತುಂಡುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಂದರು.

"ನಾನೇ ಮ್ಯಾಲ ನಿಂತು ನೋಡೀನ್ರಿ ಸರ್, ಚಟ್ ಅನ್ನಲಿಲ್ಲ. ಮಷೀನ್‌ದಾಗ ಹಾಕಿದ್ರ ಮುರೀತದ. ದಪ್ಪ ಮಾಡಿದ್ರ ಗಟ್ಟಿ ಆಗಬೇಕಲ್ರೀ?"

ಈ ಪ್ರಕರಣದ ಇಡೀ ಗುಟ್ಟು ಅವರ ಆ ಒಂದು ಪ್ರಶ್ನೆಯಲ್ಲೇ ಇತ್ತು.

ದಪ್ಪ ಮಾಡಿದ್ದು ಏಕೆ ತಪ್ಪಾಯಿತು

ಒಂದು ತೊಲೆಯ ಮೇಲೆ ಇಂತಿಷ್ಟು ತೂಕ ಇಡುತ್ತೇವೆ ಎಂದರೆ, ದಪ್ಪ ಮಾಡಿದಷ್ಟೂ ಒಳ್ಳೆಯದು. ಆದರೆ ಈ ಪಟ್ಟಿಗೆ ಬರುವುದು ಇಂತಿಷ್ಟು ತೂಕ ಅಲ್ಲ, ಇಂತಿಷ್ಟು ಬಾಗು. ಮೋಟರಿನ ಎಕ್ಸೆಂಟ್ರಿಕ್ (ಸುತ್ತನ್ನು ಹಿಂದೆ ಮುಂದಿನ ಓಟವಾಗಿ ಬದಲಿಸುವ ಭಾಗ) ಅದನ್ನು ಅತ್ತ 10 ಮಿಲಿಮೀಟರ್, ಇತ್ತ 10 ಮಿಲಿಮೀಟರ್ ತಳ್ಳಿಯೇ ತಳ್ಳುತ್ತದೆ. ಪಟ್ಟಿ ಮೆತ್ತಗಿರಲಿ, ಬಿರುಸಾಗಿರಲಿ, ಅಷ್ಟು ಬಾಗಲೇಬೇಕು. ಒಂದು ತೆಳು ಬಿದಿರ ಸೀಳನ್ನು ಬಾಗಿಸಿ, ಆಮೇಲೆ ದಪ್ಪ ಬಿದಿರ ತುಂಡನ್ನು ಅಷ್ಟೇ ಬಾಗಿಸಿ ನೋಡಿ. ಯಾವುದು ಮೊದಲು ಸೀಳುತ್ತದೆ ಎಂದು ಬುಟ್ಟಿ ಹೆಣೆಯುವವರಿಗೆ ಚೆನ್ನಾಗಿ ಗೊತ್ತು.

ಲೆಕ್ಕ ಹೀಗಿದೆ. ಎರಡೂ ತುದಿ ಬಿಗಿದ ಪಟ್ಟಿಯ ಮೈಮೇಲೆ ಬರುವ ಒತ್ತಡ ತಿಳಿಯಲು, ವಸ್ತುವಿನ ಬಿರುಸು (ಬಾಗದಂತೆ ಅದು ಎಷ್ಟು ತಡೆಯುತ್ತದೆ ಎಂಬ ಅಳತೆ), ದಪ್ಪ, ತಳ್ಳಿದ ದೂರ ಈ ಮೂರನ್ನೂ ಗುಣಿಸಿ, ಮತ್ತೆ ಮೂರರಿಂದ ಗುಣಿಸಿ, ಬಿಡುವಿನ ಉದ್ದದ ವರ್ಗದಿಂದ ಭಾಗಿಸಬೇಕು. ಬಿಡುವಿನ ಉದ್ದ ಎಂದರೆ ಎರಡು ಕ್ಲಾಂಪುಗಳ ನಡುವೆ ಪಟ್ಟಿ ಬಾಗಲು ಸಿಗುವ ಉದ್ದ. ಇಲ್ಲಿ ಅದು 200 ಮಿಲಿಮೀಟರ್. ಮಿಸ್ತ್ರಿ ಮಾಡಿದ ಮಾಲಿನ ಬಿರುಸು ನಮ್ಮ ಲ್ಯಾಬಿನಲ್ಲಿ 11 ಗಿಗಾಪಾಸ್ಕಲ್, ಅಂದರೆ 11,000 ಮೆಗಾಪಾಸ್ಕಲ್ ಬಂತು. 8 ಮಿಲಿಮೀಟರ್ ಪಟ್ಟಿಗೆ ಒತ್ತಡ 66 ಮೆಗಾಪಾಸ್ಕಲ್. 10 ಮಿಲಿಮೀಟರ್ ಪಟ್ಟಿಗೆ 82. ದಪ್ಪ ಕಾಲು ಪಾಲು ಹೆಚ್ಚಿತು, ಒತ್ತಡವೂ ಕಾಲು ಪಾಲು ಹೆಚ್ಚಿತು. ವಸ್ತುವಿನ ಬಲ ಮಾತ್ರ ಅಷ್ಟೇ ಇತ್ತು.

ಮಿಸ್ತ್ರಿ ಮೇಲೆ ನಿಂತ ಪರೀಕ್ಷೆಯ ಲೆಕ್ಕವನ್ನೂ ಹಾಕಿ ನೋಡಿದೆ. 70 ಕಿಲೋ ಮನುಷ್ಯ, 75 ಮಿಲಿಮೀಟರ್ ಅಗಲದ 8 ಮಿಲಿಮೀಟರ್ ಪಟ್ಟಿ, ಇಟ್ಟಿಗೆಗಳ ನಡುವೆ 280 ಮಿಲಿಮೀಟರ್. ಒತ್ತಡ ಸುಮಾರು 60 ಮೆಗಾಪಾಸ್ಕಲ್. ಅಂದರೆ ಯಂತ್ರದಲ್ಲಿ ಬರುವ ಒತ್ತಡಕ್ಕೆ ಹತ್ತಿರವೇ ಇತ್ತು. ಅವರ ಪರೀಕ್ಷೆ ಸುಳ್ಳಾಗಿರಲಿಲ್ಲ. ಆದರೆ ಅವರು ನಿಂತದ್ದು ಒಂದು ಸಲ, ಯಂತ್ರ ಬಾಗಿಸುವುದು ದಿನಕ್ಕೆ ಎರಡು ಮುಕ್ಕಾಲು ಲಕ್ಷ ಸಲ. ಅದೂ ಎರಡೂ ಕಡೆಯಿಂದ.

ಈ ಕಾಗದದ ಲೆಕ್ಕವನ್ನು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು: "ಹಂಗಾದ್ರ ಕಂಪನಿ ಪಟ್ಟಿ ಮೂರು ವರ್ಷ ಹ್ಯಾಂಗ ಬಾಳಿತು?"

ಒಳಗೆ ಏನಿತ್ತು

ಮುರಿದ ಜಾಗಗಳೆಲ್ಲ ಕ್ಲಾಂಪಿನ ಅಂಚಿನಲ್ಲೇ ಇದ್ದವು. ಅದು ಸಹಜ, ಒತ್ತಡ ಅಲ್ಲೇ ಹೆಚ್ಚು. ಆದರೆ ಮುರಿತ ಒಂದೇ ಕಡೆ ಕತ್ತರಿಸಿದ ಹಾಗೆ ಇರಲಿಲ್ಲ. ಪದರಗಳು ಹಳೆ ಪುಸ್ತಕದ ಹಾಳೆಗಳ ಹಾಗೆ ಬಿಡಿಸಿಕೊಂಡಿದ್ದವು. ಮುರಿಯದೆ ಉಳಿದ ಪಟ್ಟಿಯ ಮೇಲೆ ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋದೆ. ನಡುವೆ ಟಣ್ ಟಣ್ ಎನ್ನುತ್ತಿತ್ತು, ಕ್ಲಾಂಪಿನ ಹತ್ತಿರ ಬಂದಾಗ ದಬ್ ಎಂದು ಸತ್ತ ದನಿ. ಒಳಗೆ ಪದರ ಬಿಟ್ಟಿದೆ ಎಂದು ಹೇಳಲು ಅಷ್ಟು ಸಾಕು.

ಗಾಜಿನ ನಾರು ಮತ್ತು ರೆಸಿನ್ ಸೇರಿದ ಮಾಲು ಬಣ್ಣ ಹಾಕದಿದ್ದರೆ ಅರೆಪಾರದರ್ಶಕ. ಬೆಳಕಿಗೆ ಹಿಡಿದರೆ ಒಳಗಿನ ಗುಳ್ಳೆ, ರೆಸಿನ್ ತಾಗದ ಒಣ ನಾರು, ಸುಕ್ಕು, ಎಲ್ಲವೂ ಕಾಣುತ್ತವೆ. ಕಪ್ಪು ಪಿಗ್ಮೆಂಟ್ ಇವನ್ನೆಲ್ಲ ಮುಚ್ಚಿಬಿಟ್ಟಿತ್ತು. ಇದು ಬರೀ ಅಂದದ ವಿಷಯವಲ್ಲ. ಕಪ್ಪು ಕಾರ್ಬನ್ ಪಿಗ್ಮೆಂಟ್ ಕೆಲವು ಸಲ ಪಾಲಿಯೆಸ್ಟರ್ ಗಟ್ಟಿಯಾಗುವುದನ್ನೂ ನಿಧಾನ ಮಾಡುತ್ತದೆ. ಪಟ್ಟಿಯನ್ನು ಅಡ್ಡಕ್ಕೆ ಕೊಯ್ದು, ನುಣ್ಣಗೆ ಉಜ್ಜಿ, ಭೂತಗನ್ನಡಿ ಹಿಡಿದೆವು. ಪದರ ಪದರದ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಕೂತಿದ್ದವು. ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ಹೋಗಿ ಎರಡು ಸಲ ನೋಡಿದರು.

ಗುಳ್ಳೆ ಎಷ್ಟು ಎಂದು ಅಳೆಯಲು ಹಳೆಯ, ನಂಬಬಹುದಾದ ವಿಧಾನ ಇದೆ. ತುಂಡಿನ ಸಾಂದ್ರತೆ ಅಳೆದುಕೊಳ್ಳಿ. ಆಮೇಲೆ ಅದನ್ನು ಫರ್ನೇಸಿನಲ್ಲಿ ಸುಮಾರು 565 ಡಿಗ್ರಿಯಲ್ಲಿ ಸುಡಿ. ರೆಸಿನ್ ಉರಿದುಹೋಗಿ ಗಾಜು ಉಳಿಯುತ್ತದೆ. ನಮ್ಮ ತುಂಡಿನಲ್ಲಿ ಗಾಜು ತೂಕದ 38% ಇತ್ತು. ಗಾಜಿನ ಸಾಂದ್ರತೆ 2.55, ರೆಸಿನ್ನಿನದು 1.2 ಎಂದು ಹಿಡಿದರೆ, ಗುಳ್ಳೆಯೇ ಇಲ್ಲದ ಮಾಲಿನ ಸಾಂದ್ರತೆ 1.50 ಇರಬೇಕು. ಅಳೆದಾಗ ಬಂದದ್ದು 1.41. ಸುಮಾರು 6% ಜಾಗದಲ್ಲಿ ಬರೀ ಗಾಳಿ.

ನೀರಿನ ಟ್ಯಾಂಕಿಗೆ 6% ಗಾಳಿ ಇದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಸೋರದಿದ್ದರೆ ಆಯಿತು. ಮಿಸ್ತ್ರಿಯ ಇಪ್ಪತ್ತು ವರ್ಷದ ಅನುಭವ ಇಂಥ ಮಾಲಿನದು. ಆದರೆ ಗುಳ್ಳೆಗಳು ಪದರಗಳ ನಡುವಿನ ಹಿಡಿತವನ್ನು ನೇರವಾಗಿ ತಿನ್ನುತ್ತವೆ. ಸುಮಾರು 4% ವರೆಗೆ, ಗುಳ್ಳೆ ಒಂದೊಂದು ಶೇಕಡಾ ಏರಿದಂತೆ ಆ ಹಿಡಿತ ಸುಮಾರು 7% ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ನಾರಿನ ಉದ್ದಕ್ಕೆ ಎಳೆದಾಗಿನ ಬಲ ಅಷ್ಟಾಗಿ ಇಳಿಯುವುದಿಲ್ಲ, ಏಕೆಂದರೆ ಅದನ್ನು ಹೊರುವುದು ನಾರು. ಅದಕ್ಕೇ ಮೇಲೆ ನಿಂತು ನೋಡಿದಾಗ ಏನೂ ತಿಳಿಯಲಿಲ್ಲ.

ಇಷ್ಟೊಂದು ಗಾಳಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ನಮ್ಮ ಊರಿನ ಬಿಸಿಲಲ್ಲೇ ಇತ್ತು. ಮಾರ್ಚ್ ಮಧ್ಯಾಹ್ನ, ತಗಡಿನ ಶೆಡ್ಡು. ಚಳಿಗಾಲದಷ್ಟೇ ಹಾರ್ಡ್‌ನರ್ ಹಾಕಿದರೆ ರೆಸಿನ್ ಕೆಲವೇ ನಿಮಿಷಕ್ಕೆ ಗಂಜಿಯಂತೆ ಕಟ್ಟಿಕೊಳ್ಳುತ್ತದೆ. ರೋಲರ್ ಎಳೆದು ಗಾಳಿ ಹೊರಗೆ ತಳ್ಳುವಷ್ಟು ಹೊತ್ತೇ ಸಿಗುವುದಿಲ್ಲ. ಮೊದಲ ಸೆಟ್ಟಿನಲ್ಲಿ ಹೀಗಾಯಿತು. ಎರಡನೆಯ ಸೆಟ್ಟಿಗೆ ಹೊತ್ತು ಸಿಗಲಿ ಎಂದು ಹಾರ್ಡ್‌ನರ್ ತೀರಾ ಕಡಿಮೆ ಹಾಕಿದರು. ಆಗ ರೆಸಿನ್ ಪೂರ್ತಿ ಗಟ್ಟಿಯಾಗಲೇ ಇಲ್ಲ. ಕೊಯ್ದ ಮುಖದ ಮೇಲೆ ಅಸಿಟೋನ್ ಅದ್ದಿದ ಬಟ್ಟೆ ಉಜ್ಜಿದಾಗ ಬೆರಳಿಗೆ ಅಂಟು ಹತ್ತಿತು. ಹೊರಮೈ ಮೇಲೆ ಉಜ್ಜಿದರೆ ಸಾಲದು. ಗಾಳಿ ತಾಗುವ ಮೈ ಚೆನ್ನಾಗಿ ಗಟ್ಟಿಯಾದ ಮಾಲಿನಲ್ಲೂ ಸ್ವಲ್ಪ ಅಂಟಾಗಿಯೇ ಇರಬಹುದು. ಕೊಯ್ದ ಮುಖವೇ ನಿಜ ಹೇಳುವುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಜೀವಕ್ಕೆ ಸಂಬಂಧಿಸಿದ್ದು. ಗಡಿಬಿಡಿಯಲ್ಲಿ ಹಾರ್ಡ್‌ನರ್ ಮತ್ತು ಕೋಬಾಲ್ಟನ್ನು (ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ದ್ರವ) ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಸಿಡಿದು ಹೊತ್ತಿಕೊಳ್ಳುತ್ತದೆ. ಮೊದಲು ಕೋಬಾಲ್ಟ್ ರೆಸಿನ್ನಿನಲ್ಲಿ ಚೆನ್ನಾಗಿ ಬೆರೆಯಬೇಕು, ಆಮೇಲೆ ಹಾರ್ಡ್‌ನರ್.

ನಾವು ಮಾಡಿ ನೋಡಿದ್ದು

ಅಷ್ಟರಲ್ಲಿ ತಯಾರಕರ ಸೆಟ್ ಬಂದು ಮಿಲ್ಲು ಓಡತೊಡಗಿತು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮಿಸ್ತ್ರಿ ಬಿಡಲಿಲ್ಲ. ಸಾವುಕಾರರೂ ಬಿಡಲಿಲ್ಲ, ಏಕೆಂದರೆ ಮುಂದಿನ ಹಂಗಾಮಿಗೆ ಮತ್ತೆ ಇದೇ ಪಾಡು. ಮಿಲ್ಲಿನ ಗೋದಾಮಿನಲ್ಲಿದ್ದ ಹಳೆ ಮೋಟರಿಗೆ ಎಕ್ಸೆಂಟ್ರಿಕ್ ಕೂಡಿಸಿ, ನಾಲ್ಕು ಪಟ್ಟಿ ಒಟ್ಟಿಗೆ ಬಾಗಿಸುವ ಚೌಕಟ್ಟು ಮಾಡಿದೆವು. ಸುತ್ತು ಎಣಿಸಲು ಒಂದು ಕೌಂಟರ್. ವೇಗ ಹೆಚ್ಚಿಸಿದರೆ ಬೇಗ ಮುಗಿಯುತ್ತದಲ್ವಾ ಎಂದು ಸಾವುಕಾರರು ಕೇಳಿದರು. ಬೇಡ ಎಂದೆ. ಫೈಬರ್ ಮಾಲು ವೇಗವಾಗಿ ಬಾಗಿದರೆ ಒಳಗೇ ಬಿಸಿಯಾಗುತ್ತದೆ, ಆಗ ನಾವು ಅಳೆಯುವುದು ಮತ್ತೆ ಮತ್ತೆ ಬಾಗಿ ಬರುವ ದಣಿವನ್ನಲ್ಲ, ಬಿಸಿಯನ್ನು. ಯಂತ್ರದ 330 ಸುತ್ತನ್ನೇ ಇಟ್ಟುಕೊಂಡೆವು.

ಮೊದಲು ಮಿಸ್ತ್ರಿ ಹಿಂದೆ ಮಾಡಿದ್ದ ಕಪ್ಪು ಪಟ್ಟಿಗಳು. 8 ಮಿಲಿಮೀಟರಿನ ಮೂರು ಪಟ್ಟಿ ಹಾಕಿದೆವು. ಪದರ ಬಿಡುವ ಹೊತ್ತಿಗೆ ಒಂದು 19 ಲಕ್ಷ ಎಣಿಸಿತ್ತು, ಒಂದು 24 ಲಕ್ಷ, ಒಂದು 31 ಲಕ್ಷ. ಒಂದೇ ದಿನ ಒಂದೇ ಕೈ ಮಾಡಿದ ಮಾಲಿನಲ್ಲಿ ಇಷ್ಟು ವ್ಯತ್ಯಾಸ. ಫಟೀಗ್, ಅಂದರೆ ದಣಿವಿನ ಪರೀಕ್ಷೆಯಲ್ಲಿ ಇದು ಯಾವಾಗಲೂ ಇರುವುದೇ. ಒಂದೇ ಪಟ್ಟಿ ಪರೀಕ್ಷಿಸಿ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಮುಂದೇನು ಮಾಡಬೇಕು ಎಂಬಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯ ಇತ್ತು. ಸಾವುಕಾರರಿಗೆ ನೇರವಾಗಿ ಒಳ್ಳೆಯ ನಾರು ತರಿಸಿ ಹೊಸ ಪಟ್ಟಿ ಮಾಡುವ ಆತುರ. ನಾನು ತಡೆದೆ. ಮೊದಲು ಅದೇ ಮ್ಯಾಟ್, ಅದೇ ರೋವಿಂಗ್, ಅದೇ ದಪ್ಪ ಇಟ್ಟುಕೊಂಡು ದೋಷ ಮಾತ್ರ ತೆಗೆದು ನೋಡೋಣ ಎಂದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಷ್ಟು ಲಾಭವಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಹದಿನೈದು ಇಪ್ಪತ್ತು ದಿನ ಜಾಸ್ತಿ ಹಿಡಿಯಿತು. ಆದರೆ ಈ ಪ್ರಕರಣದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ಮಿಸ್ತ್ರಿ ಬೆಳಗಿನ ಐದಕ್ಕೆ ಕೆಲಸ ಶುರು ಮಾಡಿದರು. ಪಿಗ್ಮೆಂಟ್ ಇಲ್ಲ. ಹಾರ್ಡ್‌ನರ್ ಕಣ್ಣಳತೆಯಲ್ಲಲ್ಲ, ತೂಕದಲ್ಲಿ. ಪ್ರತಿ ಪದರಕ್ಕೂ ರೋಲರ್ ಎಳೆದು, ಹಿಂದಿನಿಂದ ಟ್ಯೂಬ್‌ಲೈಟ್ ಹಿಡಿದು ನೋಡಿ, ಆಮೇಲೆ ಮುಂದಿನ ಪದರ. ಗುಳ್ಳೆ ಎರಡೂವರೆ ಶೇಕಡಾಕ್ಕೆ ಇಳಿಯಿತು. ಲ್ಯಾಬಿನಲ್ಲಿ ಬಾಗಿಸಿ ಮುರಿದಾಗ ಬಲ 190 ಮೆಗಾಪಾಸ್ಕಲ್‌ನಿಂದ 210ಕ್ಕೆ ಏರಿತ್ತು. ಬರೀ ಹತ್ತು ಶೇಕಡಾ. ಮಿಸ್ತ್ರಿಯ ಮುಖ ಸಪ್ಪಗಾಯಿತು. ಇಷ್ಟಕ್ಕೇ ಇಷ್ಟು ಕಷ್ಟಪಟ್ಟೆವಾ ಎಂದು.

ಆದರೆ ಚೌಕಟ್ಟಿನಲ್ಲಿ ಆ ಪಟ್ಟಿಗಳು 62 ಲಕ್ಷ, 71 ಲಕ್ಷ, 80 ಲಕ್ಷ ಬಾಳಿದವು. ಬಲ ಹತ್ತು ಶೇಕಡಾ ಏರಿದರೆ ಬಾಳಿಕೆ ಸುಮಾರು ಮೂರು ಪಟ್ಟು.

ಇದು ಏಕೆ ಹೀಗೆ? ಗಾಜಿನ ನಾರಿನ ಮಾಲಿನಲ್ಲಿ ಒಂದು ಅಂದಾಜು ಲೆಕ್ಕ ಇದೆ. ಬಾಗುವ ಸಂಖ್ಯೆ ಹತ್ತು ಪಟ್ಟು ಏರಿದಂತೆ, ತಡೆಯಬಲ್ಲ ಒತ್ತಡ ಮೂಲ ಬಲದ ಸುಮಾರು ಹತ್ತನೇ ಒಂದು ಭಾಗದಷ್ಟು ಇಳಿಯುತ್ತದೆ. ಹತ್ತು ಲಕ್ಷ ಬಾರಿ ಬಾಳಬೇಕೆಂದರೆ ಬಲದ ಸುಮಾರು 40% ಮಾತ್ರ ಬಳಸಬಹುದು. ಇದನ್ನೇ ತಿರುಗಿಸಿ ನೋಡಿದರೆ, ಬಲದಲ್ಲಿ ಸಣ್ಣ ವ್ಯತ್ಯಾಸ ಎಂದರೆ ಬಾಳಿಕೆಯಲ್ಲಿ ಪಟ್ಟುಗಟ್ಟಲೆ ವ್ಯತ್ಯಾಸ. ಉಕ್ಕಿಗೆ ಇರುವ ಹಾಗೆ ಇದರ ಕೆಳಗೆ ಎಷ್ಟು ಬಾಗಿಸಿದರೂ ಮುರಿಯದು ಎಂಬ ಸ್ಪಷ್ಟ ಗೆರೆಯೂ ಈ ಮಾಲಿಗೆ ಇಲ್ಲ. ಅದರ ಮೇಲೆ ಮ್ಯಾಟಿನ ಸ್ವಭಾವ ಬೇರೆ. ಅದರ ನಾರುಗಳು ದಿಕ್ಕಿಗೊಂದು. ಹೊರೆಗೆ ಅಡ್ಡ ಬಿದ್ದ ನಾರುಗಳು ಮುರಿಯುವ ಹೊರೆಯ ಸುಮಾರು ಮೂರನೇ ಒಂದು ಭಾಗದಲ್ಲೇ ರೆಸಿನ್ನಿನಿಂದ ಬಿಡಿಸಿಕೊಳ್ಳತೊಡಗುತ್ತವೆ. ನಮ್ಮ 66 ಮೆಗಾಪಾಸ್ಕಲ್ ಅಂದರೆ 190ರ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಪ್ರತಿ ಸುತ್ತಿಗೂ ಅಪಾಯದ ಗೆರೆಯ ಮೇಲೇ ನಡೆಯುತ್ತಿದ್ದೆವು.

ಬಣ್ಣವಿಲ್ಲದ ಪಟ್ಟಿಯಲ್ಲಿ ಇದನ್ನು ಕಣ್ಣಾರೆ ಕಂಡೆವು. ಕೆಲವು ಲಕ್ಷ ಸುತ್ತಾದ ಮೇಲೆ ಕ್ಲಾಂಪಿನ ಅಂಚಿನಲ್ಲಿ ಹಾಲಿನ ಕೆನೆಯಂಥ ಬಿಳಿ ಛಾಯೆ ಮೂಡಿತು. ದಿನ ಕಳೆದಂತೆ ಅದು ಬೆರಳಗಲ ಹರಡಿತು. ಮೋಟರ್ ನಿಲ್ಲಿಸಿ ಅಲ್ಲಿ ಕೈಯಿಟ್ಟರೆ ಬೆಚ್ಚಗೆ. ಪಕ್ಕದಲ್ಲಿ, ನಾಲ್ಕು ಬೆರಳು ದೂರದಲ್ಲಿ, ತಣ್ಣಗೆ. ಗುಳ್ಳೆ ಉಳಿದಿದ್ದ ಕಡೆಯಿಂದಲೇ ಬಿಳುಪು ಹೊರಟದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಮಿಸ್ತ್ರಿ ದಿನಾ ಬಂದು ಪೆನ್ಸಿಲಿನಲ್ಲಿ ಅದರ ಅಂಚು ಗುರುತು ಮಾಡುತ್ತಿದ್ದರು.

ಕೊನೆಯ ಪಟ್ಟಿ

ದೋಷ ತೆಗೆದರೂ ಮ್ಯಾಟಿನ ಪಟ್ಟಿ ಒಂದು ತಿಂಗಳ ಮಾಲು ಅಷ್ಟೇ. ಹಂಗಾಮಿಗೆ ಸಾಲದು. ಆಗ ಮಾತ್ರ ನಾರು ಬದಲಿಸಿದೆವು. ಪಟ್ಟಿಯ ಉದ್ದಕ್ಕೂ ನೇರವಾಗಿ ಹೋಗುವ ರೋವಿಂಗ್, ಹೊರಗಿನ ಎರಡೂ ಮೈಗೆ ಸೀಳದಿರಲಿ ಎಂದು ಒಂದೊಂದು ತೆಳು ಮ್ಯಾಟ್. ಎರಡು ಉಕ್ಕಿನ ತಟ್ಟೆಗಳ ನಡುವೆ, 6 ಮಿಲಿಮೀಟರಿನ ಅಡ್ಡತುಂಡು ಇಟ್ಟು, ಸಿ-ಕ್ಲಾಂಪಿನಿಂದ ಒತ್ತಿ ಹೆಚ್ಚಿನ ರೆಸಿನ್ ಹೊರಗೆ ಹಿಂಡಿದೆವು. ರೋವಿಂಗ್ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿದೆವು, ಏಕೆಂದರೆ ನಾರು ಕೆಲವೇ ಡಿಗ್ರಿ ಸೊಟ್ಟಗಾದರೂ ಒತ್ತುವ ಕಡೆಯ ಬಲ ಬಹಳ ಕುಸಿಯುತ್ತದೆ. ಪಕ್ಕದ ಪೌಡರ್ ಕೋಟಿಂಗ್ ಘಟಕದ ಓವನ್‌ನಲ್ಲಿ, ರೆಸಿನ್ ಪೂರ್ತಿ ಗಟ್ಟಿಯಾಗಲಿ ಎಂದು, 80 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟೆವು. ಕೊಯ್ದ ಅಂಚುಗಳನ್ನು ಉಜ್ಜಿ ರೆಸಿನ್ ಬಳಿದೆವು. ತೂತು ಕೊರೆಯುವಾಗ ಅಡಿಗೆ ಮರದ ತುಂಡು, ಹರಿತವಾದ ಹೊಸ ಬಿಟ್. ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಪದರ ಎದ್ದು, ನಾವೇ ದೋಷ ತಂದಿಟ್ಟ ಹಾಗಾಗುತ್ತದೆ.

ಗಾಜು ತೂಕದ 66%, ಗುಳ್ಳೆ 2%ಕ್ಕಿಂತ ಕಡಿಮೆ. ಬಿರುಸು ಮೂರು ಪಟ್ಟಾದ್ದರಿಂದ ಒತ್ತಡವೂ ಏರಿ 148 ಮೆಗಾಪಾಸ್ಕಲ್ ಆಯಿತು. ಆದರೆ ಬಲ 700ರ ಸುತ್ತ ಇತ್ತು. ಬಳಸುತ್ತಿರುವುದು ಐದನೇ ಒಂದು ಭಾಗ ಮಾತ್ರ. ಕಂಪನಿ ಪಟ್ಟಿ ಮೂರು ವರ್ಷ ಹೇಗೆ ಬಾಳಿತು ಎಂಬ ಮಿಸ್ತ್ರಿಯ ಪ್ರಶ್ನೆಗೂ ಉತ್ತರ ಇದೇ. ಎಷ್ಟು ಒತ್ತಡ ಬರುತ್ತದೆ ಎನ್ನುವುದಕ್ಕಿಂತ, ಅದು ಇರುವ ಬಲದ ಎಷ್ಟನೇ ಪಾಲು ಎಂಬುದೇ ಮುಖ್ಯ. ಚೌಕಟ್ಟಿನಲ್ಲಿ ಈ ಪಟ್ಟಿಗಳು ಒಂದು ಕೋಟಿ ದಾಟಿದರೂ ಬಿಳಿಚಲಿಲ್ಲ. ಅಲ್ಲಿಗೆ ನಿಲ್ಲಿಸಿದೆವು.

ಮುಂದಿನ ಹಂಗಾಮಿಗೆ ಹೊಸ ಎಂಟು ಪಟ್ಟಿ ಯಂತ್ರಕ್ಕೆ ಹೋದವು. ಪ್ರತಿಯೊಂದರ ಮೇಲೂ ಮಿಸ್ತ್ರಿ ನಂಬರು, ತಾರೀಖು ಬರೆದಿದ್ದರು. ಬಣ್ಣ ಹಾಕಿಲ್ಲ. ಭಾನುವಾರ ಯಂತ್ರ ನಿಂತಾಗ ಮಿಲ್ಲಿನ ಹುಡುಗ ಹಿಂದಿನಿಂದ ಟಾರ್ಚ್ ಬಿಟ್ಟು ಎಂಟನ್ನೂ ನೋಡುತ್ತಾನೆ, ನಾಣ್ಯದಿಂದ ತಟ್ಟುತ್ತಾನೆ.

ಎರಡನೆಯ ತಿಂಗಳಲ್ಲಿ ಅವನು ಫೋನ್ ಮಾಡಿದ. "ಸರ್, ಐದನೇದು ಬೆಳ್ಳಗಾಗ್ಯಾದರಿ." ಹೋಗಿ ನೋಡಿದೆವು. ಉಳಿದ ಏಳು ಸ್ವಚ್ಛ. ಐದನೆಯದಕ್ಕೆ ಮಾತ್ರ, ಬಿಗಿಯಾಗಲಿ ಎಂದು ಫಿಟ್ಟರ್ ಉದ್ದನೆಯ ತಟ್ಟೆಯೊಂದನ್ನು ಕ್ಲಾಂಪಿಗೆ ಸೇರಿಸಿದ್ದ. ಬಿಡುವಿನ ಉದ್ದ 200ರಿಂದ 180ಕ್ಕೆ ಇಳಿದಿತ್ತು. ಉದ್ದದ ವರ್ಗದ ಲೆಕ್ಕದಲ್ಲಿ ಒತ್ತಡ 23% ಜಾಸ್ತಿ. ತಟ್ಟೆಯ ಅಂಚೂ ಹರಿತವಾಗಿತ್ತು. ಮಿಸ್ತ್ರಿ ಆ ತಟ್ಟೆ ತೆಗೆಸಿ, ಉಳಿದ ಹದಿನೈದು ಕ್ಲಾಂಪುಗಳ ಅಂಚನ್ನೂ ಅರದಿಂದ ಗುಂಡಗೆ ಮಾಡಿಸಿ, ಐದರ ಜಾಗಕ್ಕೆ ಒಂಬತ್ತನೇ ನಂಬರಿನ ಪಟ್ಟಿ ಕೂಡಿಸಿದರು.

ಬಿಳಿಚಿದ ಐದನೆಯ ಪಟ್ಟಿ ಈಗ ಅವರ ವರ್ಕ್‌ಶಾಪಿನ ಕಿಟಕಿಯಲ್ಲಿ, ಬೆಳಕು ಬೀಳುವ ಕಡೆ ತೂಗುತ್ತಿದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ಅವರು ಮೊದಲು ಅದನ್ನೇ ತೋರಿಸುತ್ತಾರೆ.